ಅಗ್ನಿಯ ಹೆಸರು, ಅಗ್ನಿಯ ಋಣ

ಹೆಸರಿಡುವುದು ನಮ್ಮಲ್ಲಿ ಷೋಡಶ ಸಂಸ್ಕಾರಗಳಲ್ಲಿ ಒಂದು. ಮಗು ಹುಟ್ಟಿದರೆ ನಾಮಕರಣ, ಮನೆ ಕಟ್ಟಿದರೆ ಬಾಗಿಲ ಮೇಲೊಂದು ಹೆಸರು, ಹೊಟೇಲು ತೆರೆದರೆ ಬೋರ್ಡಿನ ಮೇಲೆ ಊರ ದೇವರ ಹೆಸರು. ಕುಂದಾಪುರ, ಉಡುಪಿ, ಕಾರ್ಕಳಗಳ ಕಡೆಯಿಂದ ಹೊರಟು ಅಹಮದಾಬಾದು, ವಡೋದರಾ, ಸೂರತ್ತುಗಳಲ್ಲಿ ಒಲೆ ಹೂಡಿದ ನಮ್ಮವರಿಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಬಹುಕಾಲ ಗಲ್ಲಾದ ಹಿಂದೆ ಕುಳಿತು ಅನಂತರ ಲೇಖನಿ ಹಿಡಿದ ನಮಗಂತೂ ಒಂದು ಸಂಗತಿ ಮನದಟ್ಟಾಗಿದೆ: ಹೆಸರು ಕೇವಲ ಗುರುತಲ್ಲ, ಅದು ಕೊಟ್ಟ ಮಾತು. ದೇವರ ಹೆಸರನ್ನು ಬೋರ್ಡಿನ ಮೇಲೆ ಬರೆಯಿಸಿದವನು ನಿನ್ನೆಯ ಸಾಂಬಾರನ್ನು ಇಂದು ಬಡಿಸಿದರೆ ಕೆಡುವುದು ಅಡಿಗೆಯವನ ಹೆಸರಲ್ಲ, ಬೋರ್ಡಿನ ಹೆಸರು.

ಸರಕಾರವೂ ಹೆಸರಿಡುತ್ತದೆ. ನಮ್ಮ ದೇಶದ ದೂರಗಾಮಿ ಕ್ಷಿಪಣಿಗೆ ‘ಅಗ್ನಿ’ಯೆಂದು ಹೆಸರು. ಸೈನ್ಯಕ್ಕೆ ತರುಣರನ್ನು ಸೇರಿಸಿಕೊಳ್ಳುವ ಹೊಸ ಕ್ರಮಕ್ಕೆ ‘ಅಗ್ನಿಪಥ’ವೆಂದೂ, ಹಾಗೆ ಸೇರಿದವನಿಗೆ ‘ಅಗ್ನಿವೀರ’ನೆಂದೂ ಹೆಸರು. ಸೂರತ್ತಿನ ಸಮೀಪದಲ್ಲಿ ತಯಾರಾಗುವ ತೋಪಿಗೆ ‘ವಜ್ರ’, ಬೆಂಗಳೂರಿನಲ್ಲಿ ತಯಾರಾಗುವ ಯುದ್ಧವಿಮಾನಕ್ಕೆ ‘ತೇಜಸ್’. ಇವೆಲ್ಲವೂ ನಮ್ಮ ಪೂರ್ವಿಕರು ಬೆಂಕಿಯ ಸುತ್ತ ಕೈಮುಗಿದು ಕುಳಿತು ಉಚ್ಚರಿಸಿದ ಶಬ್ದಗಳು. ಇಂತಹ ಹೆಸರನ್ನು ಇಟ್ಟವರ ಮೇಲೆ ಬೀಳುವ ಹೊಣೆ ಯಾವುದು ಎಂಬುದನ್ನು ಇಂದು ವಾಚಕರೊಡನೆ ಕೂಡಿ ವಿಚಾರಿಸಬೇಕೆಂದಿದ್ದೇವೆ.

ಮೂರು ನೆಲೆಯ ಬೆಂಕಿ

ಋಗ್ವೇದದ ಮೊತ್ತಮೊದಲ ಸೂಕ್ತವು ಅಗ್ನಿಯನ್ನು ಕುರಿತದ್ದು. ಅದರ ಮೊತ್ತಮೊದಲ ಶಬ್ದವೇ ಅಗ್ನಿ. ಅಲ್ಲಿ ಅವನನ್ನು ಕರೆದಿರುವುದು ಯೋಧನೆಂದಲ್ಲ, ಪುರೋಹಿತನೆಂದು. ಮನುಷ್ಯನು ಕೊಟ್ಟದ್ದನ್ನು ದೇವತೆಗಳಿಗೆ ಮುಟ್ಟಿಸುವ ದೂತ ಅವನು. ‘ವಹ್ನಿ’ ಎಂಬ ಶಬ್ದಕ್ಕೆ ಹೊತ್ತೊಯ್ಯುವವನು ಎಂದೇ ಅರ್ಥ. ‘ಪಾವಕ’ನೆಂದರೆ ಶುದ್ಧಿಗೊಳಿಸುವವನು. ‘ಅನಲ’ನೆಂದರೆ ಎಷ್ಟು ಕೊಟ್ಟರೂ ಸಾಕೆನ್ನದವನು ಎಂದು ಬಲ್ಲವರು ಅರ್ಥ ಹೇಳುತ್ತಾರೆ. ಒಬ್ಬನೇ ದೇವರ ಹೆಸರುಗಳಲ್ಲಿ ಸೇವೆ, ಶುದ್ಧಿ, ಹಸಿವು ಎಂಬ ಮೂರೂ ಸೇರಿವೆ ಎಂಬುದನ್ನು ವಾಚಕರು ಗಮನದಲ್ಲಿಡಬೇಕು.

ಪ್ರಾಚೀನರು ಈ ಬೆಂಕಿಗೆ ಮೂರು ನೆಲೆಗಳನ್ನು ಕಂಡರು. ಭೂಮಿಯ ಮೇಲೆ ಒಲೆಯ ಮತ್ತು ಹೋಮಕುಂಡದ ಅಗ್ನಿ. ನಡುವಣ ಅಂತರಿಕ್ಷದಲ್ಲಿ ಮಿಂಚು, ಸಿಡಿಲು. ಮೇಲೆ ದ್ಯುಲೋಕದಲ್ಲಿ ಸೂರ್ಯ. ಶ್ರೌತಕರ್ಮದಲ್ಲಿಯೂ ಗಾರ್ಹಪತ್ಯ, ಆಹವನೀಯ, ದಕ್ಷಿಣಾಗ್ನಿಯೆಂದು ಮೂರು ಬೆಂಕಿಗಳು. ಅವುಗಳಲ್ಲಿ ಮೂಲವಾದುದು ಗಾರ್ಹಪತ್ಯ, ಅಂದರೆ ಮನೆಯ ಯಜಮಾನನ ಬೆಂಕಿ. ಉಳಿದ ಕುಂಡಗಳಿಗೆ ಬೆಂಕಿಯನ್ನು ಒಯ್ಯುವುದು ಅದರಿಂದಲೇ. ಗೀತೆಯ ಹದಿನೈದನೆಯ ಅಧ್ಯಾಯದಲ್ಲಿ ಭಗವಂತನು ತಾನೇ ಪ್ರಾಣಿಗಳ ಹೊಟ್ಟೆಯೊಳಗಿನ ವೈಶ್ವಾನರಾಗ್ನಿಯಾಗಿ ಅನ್ನವನ್ನು ಪಚನಮಾಡುತ್ತೇನೆಂದು ಹೇಳಿದ್ದಾನೆ. ಹೊಟೇಲಿನವರಾದ ನಮಗೆ ಇದಕ್ಕಿಂತ ಹತ್ತಿರದ ದೇವರು ಬೇರೊಬ್ಬನಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ ಅಗ್ನಿಯು ಸಾಕ್ಷಿ. ಮದುವೆಯಲ್ಲಿ ಸಪ್ತಪದಿ ತುಳಿಯುವುದು ಅವನ ಮುಂದೆ. ಸುಗ್ರೀವನೊಡನೆ ರಾಮನು ಸಖ್ಯ ಬೆಳೆಸಿದ್ದು ಅವನ ಮುಂದೆ. ಸೀತೆಯನ್ನು ಪರಿಶುದ್ಧೆಯೆಂದು ತಂದೊಪ್ಪಿಸಿದವನು ಅವನೇ. ಬೆಂಕಿಯ ಮುಂದೆ ಆಡಿದ ಮಾತಿಗೆ ತಪ್ಪಲಾಗದು ಎಂಬುದು ನಮ್ಮ ಜನದ ನಂಬಿಕೆ. ಗುಜರಾತಿನಲ್ಲಿಯೂ ಇದೇ ಭಾವನೆ. ಹೋಳಿಯ ರಾತ್ರಿಯನ್ನು ಇಲ್ಲಿಯವರು ‘ಹುತಾಶನಿ’ಯೆಂದು ಕರೆಯುವುದನ್ನು ನಾವೆಲ್ಲ ಕೇಳಿದ್ದೇವೆ. ಹುತಾಶನನೆಂದರೆ ಆಹುತಿಯನ್ನು ಉಣ್ಣುವವನು, ಅಗ್ನಿಯೇ. ಪೋಳಿನ ಮೂಲೆಯಲ್ಲಿ ಬೆಂಕಿ ಹೊತ್ತಿಸಿ, ನೀರೆರೆಯುತ್ತ ಪ್ರದಕ್ಷಿಣೆ ಬಂದು, ತೆಂಗಿನಕಾಯಿ, ಖರ್ಜೂರ, ಜೋಳದ ಅರಳು ಅರ್ಪಿಸುವ ನೆರೆಮನೆಯ ಗುಜರಾತಿ ತಾಯಂದಿರಿಗೂ, ಊರಿನಲ್ಲಿ ದೀಪಕ್ಕೆ ಎಣ್ಣೆಯೆರೆಯುವ ನಮ್ಮ ತಾಯಂದಿರಿಗೂ ದೇವರು ಬೇರೆಯಲ್ಲ.

ಕ್ಷಿಪಣಿಗೆ ಬಂದ ಹೆಸರು

ಇನ್ನು ಆಯುಧದ ಕಥೆಗೆ ಬರೋಣ. 1983ರಲ್ಲಿ ಭಾರತ ಸರಕಾರವು ಒಂದು ಸಂಯುಕ್ತ ಕ್ಷಿಪಣಿ ಯೋಜನೆಗೆ ಒಪ್ಪಿಗೆಯಿತ್ತಿತು. ಅದರ ನೇತೃತ್ವ ಡಾಕ್ಟರ್ ಎ. ಪಿ. ಜೆ. ಅಬ್ದುಲ್ ಕಲಾಂ ಅವರದು. ಐದು ಕ್ಷಿಪಣಿಗಳಿಗೆ ಐದು ಹೆಸರುಗಳು ಬಂದವು: ಪೃಥ್ವಿ, ಅಗ್ನಿ, ಆಕಾಶ, ತ್ರಿಶೂಲ, ನಾಗ. ಮೊದಲ ಮೂರು ಪಂಚಭೂತಗಳಿಂದ, ನಾಲ್ಕನೆಯದು ಶಿವನ ಕೈಯಿಂದ, ಐದನೆಯದು ನಮ್ಮ ತುಳುನಾಡಿನ ಬನಗಳಿಂದ ಬಂದಂತೆ ತೋರುವ ಹೆಸರು.

ಈ ಕಥೆಯ ಬೇರು ಅಹಮದಾಬಾದಿನಲ್ಲಿಯೂ ಇದೆ. 1919ರಲ್ಲಿ ಇದೇ ಊರಿನಲ್ಲಿ ಹುಟ್ಟಿ, 1947ರಲ್ಲಿ ಇಲ್ಲಿಯೇ ಭೌತವಿಜ್ಞಾನ ಸಂಶೋಧನಾಲಯವನ್ನು ಸ್ಥಾಪಿಸಿದ ವಿಕ್ರಮ ಸಾರಾಭಾಯಿಯವರು ದೇಶದ ಬಾಹ್ಯಾಕಾಶ ಕಾರ್ಯಕ್ಕೆ ಆದ್ಯರು. ರಾಮೇಶ್ವರದ ಯುವಕ ಕಲಾಂ ಅವರನ್ನು ಸಂದರ್ಶಿಸಿ ಆ ಕಾರ್ಯಕ್ಕೆ ತೆಗೆದುಕೊಂಡವರು ಅವರೇ. ಮುಂದೆ ಕಲಾಂ ಅವರ ನೇತೃತ್ವದಲ್ಲಿ ಎಸ್. ಎಲ್. ವಿ.–3 ರಾಕೆಟ್ಟು 1980ರ ಜುಲೈ 18ರಂದು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಮುಟ್ಟಿಸಿತು. ಆ ರಾಕೆಟ್ಟಿನ ಮೊದಲ ಹಂತದ ಘನ ಇಂಧನದ ಯಂತ್ರವೇ ಪ್ರಥಮ ಅಗ್ನಿ ಕ್ಷಿಪಣಿಯ ಮೊದಲ ಹಂತವಾಯಿತು. ಶಾಂತಿಕಾರ್ಯಕ್ಕೆ ಹಚ್ಚಿದ ಬೆಂಕಿಯಿಂದ ಯುದ್ಧಕಾರ್ಯದ ಬೆಂಕಿಯನ್ನು ಹೊತ್ತಿಸಿದಂತಾಯಿತು. ಗಾರ್ಹಪತ್ಯದಿಂದ ಇತರ ಕುಂಡಗಳಿಗೆ ಬೆಂಕಿ ಒಯ್ದ ಹಾಗೆ.

1989ರ ಏಪ್ರಿಲ್ ತಿಂಗಳಲ್ಲಿ ಒಮ್ಮೆ, ಮೇ ಮೊದಲಲ್ಲಿ ಮತ್ತೊಮ್ಮೆ ಮುಂದಕ್ಕೆ ಹೋದ ಉಡ್ಡಯನವು ಮೇ 22ರಂದು ಒಡಿಶಾದ ಚಾಂದೀಪುರದಲ್ಲಿ ಸಫಲವಾಯಿತು. ಅಂದಿನ ಯೋಜನೆಯ ನಿರ್ದೇಶಕರು ರಾಮನಾರಾಯಣ ಅಗರವಾಲರು. ಮುಂದಿನ ದಿನಗಳಲ್ಲಿ ಅಗ್ನಿ–4ರ ಯೋಜನೆಯನ್ನು ನಡೆಸಿದವರು ಕೇರಳದ ಆಲಪ್ಪುಳದ ಟೆಸ್ಸಿ ಥಾಮಸ್ ಎಂಬ ಮಹಿಳೆ. ಪತ್ರಿಕೆಗಳು ಅವರನ್ನು ‘ಅಗ್ನಿಪುತ್ರಿ’ಯೆಂದು ಕರೆದವು. ಒಬ್ಬ ಜೈನರು ನೆಟ್ಟ ಸಸಿ, ಒಬ್ಬ ಮುಸಲ್ಮಾನರು ಬೆಳೆಸಿದ ಮರ, ಒಬ್ಬ ಹಿಂದೂ ಮತ್ತು ಒಬ್ಬ ಕ್ರೈಸ್ತ ಮಹಿಳೆ ನೀರೆರೆದ ಕೊಂಬೆಗಳು. ಹೆಸರು ಮಾತ್ರ ವೇದದ್ದು. ಈ ಹೆಸರು ಯಾರೋ ಒಂದು ಪಂಗಡದ ಪಾಲಿನದಲ್ಲ, ನಾಡಿನ ನುಡಿಯೊಳಗೆ ಬೆರೆತುಹೋದುದು ಎಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ.

ಮೊದಲ ಅಗ್ನಿ–1 ಸುಮಾರು 700 ಕಿಲೋಮೀಟರು ಮೀರಿ ಹಾರಬಲ್ಲುದು. 2012ರ ಏಪ್ರಿಲ್ 19ರಂದು ಮೊದಲು ಹಾರಿದ ಅಗ್ನಿ–5ರ ವ್ಯಾಪ್ತಿ 5000 ಕಿಲೋಮೀಟರಿಗೂ ಮಿಗಿಲು. 2024ರ ಮಾರ್ಚ್ 11ರಂದು ಒಂದೇ ಕ್ಷಿಪಣಿಯಿಂದ ಹಲವು ಸಿಡಿತಲೆಗಳನ್ನು ಬೇರೆ ಬೇರೆ ಗುರಿಗಳಿಗೆ ಕಳುಹಿಸುವ ಪ್ರಯೋಗ ನಡೆಯಿತು. ಅದಕ್ಕೆ ‘ದಿವ್ಯಾಸ್ತ್ರ’ವೆಂಬ ಹೆಸರು. ಆಕಾಶಕ್ಕೇರಿ ಮರಳಿ ವಾಯುಮಂಡಲವನ್ನು ಹೊಗುವಾಗ ಸಿಡಿತಲೆಯ ಹೊರಮೈಯ ಬಿಸಿ 3000 ಡಿಗ್ರಿಯನ್ನೂ ಮೀರುತ್ತದೆ. ಇಂಗಾಲದ ನೂಲಿನಿಂದ ನೆಯ್ದ ಕವಚವು ಆ ತಾಪವನ್ನು ತಡೆದು ಒಳಗಿನ ಯಂತ್ರಗಳನ್ನು ತಂಪಾಗಿರಿಸಬೇಕು. ಹೊರಗೆ ಬೆಂಕಿ, ಒಳಗೆ ತಂಪು. ಬೆಂಕಿಯನ್ನು ಧರಿಸುವವನಿಗೆ ಬೇಕಾದ ಗುಣವನ್ನು ಯಂತ್ರಕ್ಕೂ ಕಲಿಸಬೇಕಾಯಿತು.

ರಾಕೆಟ್ಟಿನ ವಿಷಯದಲ್ಲಿ ಕನ್ನಡಿಗರಿಗೂ ಹಳೆಯ ಹಕ್ಕಿದೆ. ಹೈದರ್ ಮತ್ತು ಟಿಪ್ಪುವಿನ ಸೈನ್ಯವು ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿದ ಬಾಣಗಳನ್ನು ಹಾರಿಸಿ 1780ರಲ್ಲಿ ಪೊಳ್ಳಿಲೂರಿನಲ್ಲಿ ಇಂಗ್ಲಿಷರನ್ನು ಕಂಗೆಡಿಸಿತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಹಿಂದಿನ ಬಿದನೂರಿನಲ್ಲಿ, ಒಂದು ಪಾಳುಬಾವಿಯಿಂದ ಅಂತಹ ಸಾವಿರಕ್ಕೂ ಹೆಚ್ಚು ಬಾಣಗಳು ದೊರೆತವು. ಕಲಾಂ ಅವರು ಯುವಕರಾಗಿದ್ದಾಗ ಅಮೆರಿಕದ ಒಂದು ರಾಕೆಟ್ ಕೇಂದ್ರದಲ್ಲಿ ಇದೇ ಮೈಸೂರು ಬಾಣಗಳ ಚಿತ್ರವನ್ನು ಗೋಡೆಯ ಮೇಲೆ ಕಂಡು ಹೆಮ್ಮೆಪಟ್ಟುದನ್ನು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

ದೇವರ ಹೆಸರನ್ನು ಆಯುಧಕ್ಕಿಡುವವರು ನಾವು ಮಾತ್ರವೇ ಎಂದು ತಿಳಿಯಬೇಕಾಗಿಲ್ಲ. ಅಮೆರಿಕದವರು ಸಿಡಿಲಿನ ದೇವನಾದ ಥಾರನ ಹೆಸರನ್ನೂ ಜುಪಿಟರನ ಹೆಸರನ್ನೂ ತಮ್ಮ ಕ್ಷಿಪಣಿಗಳಿಗೆ ಇಟ್ಟಿದ್ದರು. ಇಂಗ್ಲಿಷರು ರೋಮನರ ಅಗ್ನಿದೇವನಾದ ವಲ್ಕನನ ಹೆಸರನ್ನು ಒಂದು ಬಾಂಬರ್ ವಿಮಾನಕ್ಕೆ ಕೊಟ್ಟರು. ಆದರೆ ಥಾರನಿಗೂ ವಲ್ಕನನಿಗೂ ಆ ನಾಡುಗಳಲ್ಲಿ ಮನೆಮನೆಯ ಪೂಜೆ ನಿಂತು ಶತಮಾನಗಳೇ ಕಳೆದಿದ್ದವು. ಅವು ಪುಸ್ತಕದ ಹೆಸರುಗಳು. ನಮ್ಮ ಅಗ್ನಿಯಾದರೋ ಇಂದು ಬೆಳಗ್ಗೆಯೂ ಎಷ್ಟೋ ಮನೆಗಳಲ್ಲಿ ಆಹುತಿ ಪಡೆದವನು. ಜೀವಂತ ದೇವರ ಹೆಸರನ್ನು ಎರವಲು ಪಡೆದವನಿಗೆ ಎಚ್ಚರ ಹೆಚ್ಚು ಬೇಕು.

ಹೆಸರುಗಳಿಂದ ತಪ್ಪುತಿಳಿವಳಿಕೆಯೂ ಉಂಟಾಗುತ್ತದೆ. ‘ಬ್ರಹ್ಮೋಸ್’ ಎಂಬುದನ್ನು ಬ್ರಹ್ಮಾಸ್ತ್ರದ ರೂಪಾಂತರವೆಂದು ನಂಬಿದವರು ಬಹಳ. ನಿಜದಲ್ಲಿ ಅದು ನಮ್ಮ ಬ್ರಹ್ಮಪುತ್ರ ಮತ್ತು ರಷ್ಯದ ಮಾಸ್ಕ್ವಾ ಎಂಬ ಎರಡು ನದಿಗಳ ಹೆಸರಿನ ಜೋಡಣೆ. ‘ಪೃಥ್ವಿ’ಯೆಂದರೆ ಭೂಮಿ, ನೆರೆಯ ಪಾಕಿಸ್ತಾನದಲ್ಲಿ ಅದನ್ನು ಪೃಥ್ವೀರಾಜನೆಂದು ಭಾವಿಸಿ ತಮ್ಮದಕ್ಕೆ ‘ಘೋರಿ’ಯೆಂದು ಹೆಸರಿಟ್ಟರೆಂಬ ಮಾತು ಪ್ರಚಲಿತವಾಗಿದೆ. ಅವರ ಇನ್ನೊಂದು ಕ್ಷಿಪಣಿ ‘ಘಜ್ನವಿ’. ಸೋಮನಾಥವಿರುವ ಗುಜರಾತಿನಲ್ಲಿ ಬಾಳುವ ನಮಗೆ ಆ ಹೆಸರಿನ ಅರ್ಥ ತಿಳಿಯದೆ ಇಲ್ಲ. ಅವರು ದಾಳಿಕಾರರ ಹೆಸರನ್ನು ಆರಿಸಿಕೊಂಡರು, ನಾವು ಪಂಚಭೂತಗಳ ಹೆಸರನ್ನು ಆರಿಸಿಕೊಂಡೆವು. ಇದರಲ್ಲಿ ಮೆಚ್ಚುವ ಅಂಶವಿದೆ. ಆದರೆ ಮೆಚ್ಚಿ ಕುಳಿತರೆ ಸಾಲದು.

ತಾಪಿಯ ದಡದ ವಜ್ರ

ಬೆಂಕಿಯ ಎರಡನೆಯ ನೆಲೆಯಾದ ಸಿಡಿಲು ಸೂರತ್ತಿನ ಪಕ್ಕದಲ್ಲಿಯೇ ರೂಪುಗೊಳ್ಳುತ್ತಿದೆ. ತಾಪಿಯು ಸಮುದ್ರ ಸೇರುವ ಹಜೀರಾದಲ್ಲಿ ಲಾರ್ಸನ್ ಅಂಡ್ ಟೂಬ್ರೊ ಕಂಪನಿಯ ಕಾರ್ಖಾನೆಯಿದೆ. ದಕ್ಷಿಣ ಕೊರಿಯದವರ ಕೆ–9 ಎಂಬ, ತಾನೇ ಚಲಿಸುವ 155 ಮಿಲಿಮೀಟರಿನ ತೋಪನ್ನು ಇಲ್ಲಿ ತಯಾರಿಸುತ್ತಾರೆ. ಕೊರಿಯದವರು ಅದನ್ನು ‘ಥಂಡರ್’ ಅಂದರೆ ಗುಡುಗು ಎಂದು ಕರೆದಿದ್ದರು; ನಮ್ಮವರು ‘ವಜ್ರ’ವೆಂದರು. 2017ರಲ್ಲಿ 100 ತೋಪುಗಳಿಗೆ ಒಪ್ಪಂದವಾಗಿ, ನೂರನೆಯದು 2021ರ ಫೆಬ್ರವರಿಯಲ್ಲಿ ಸೈನ್ಯಕ್ಕೆ ಸಂದಿತು. 2024ರ ಡಿಸೆಂಬರದಲ್ಲಿ ಮತ್ತೆ 100ಕ್ಕೆ ಸುಮಾರು 7629 ಕೋಟಿ ರೂಪಾಯಿಗಳ ಒಪ್ಪಂದವಾಯಿತು. ಮರುಭೂಮಿಗೆಂದು ಕೊಂಡ ತೋಪುಗಳು ಲಡಾಖಿನ ಹಿಮದ ಸೀಮೆಗೂ ಏರಿದವು. ತಾಪಿಯೆಂದರೆ ಸೂರ್ಯನ ಮಗಳಾದ ತಪತಿ ಎಂಬ ಪೌರಾಣಿಕ ಪ್ರತೀತಿ. ಸೂರ್ಯಪುತ್ರಿಯ ದಡದಲ್ಲಿ ಇಂದ್ರನ ಆಯುಧ!

ಆದರೆ ಇಂದ್ರನ ವಜ್ರ ಯಾವುದರಿಂದ ಆಯಿತು? ದಧೀಚಿ ಮಹರ್ಷಿಯ ಬೆನ್ನೆಲುಬಿನಿಂದ. ವೃತ್ರನನ್ನು ಕೊಲ್ಲಲು ಬೇರೆ ಯಾವ ಆಯುಧವೂ ಸಾಲದಾದಾಗ ದೇವತೆಗಳು ಬಂದು ಬೇಡಿದರು. ಮುನಿಯು ದೇಹವನ್ನು ಬಿಟ್ಟು ಎಲುಬನ್ನು ಕೊಟ್ಟನು. ಆ ದಧೀಚಿಯ ಆಶ್ರಮವು ಅಹಮದಾಬಾದಿನ ಸಾಬರಮತಿಯ ದಡದಲ್ಲಿತ್ತೆಂದು ಇಲ್ಲಿಯ ಜನ ನಂಬುತ್ತಾರೆ. ದೂಧೇಶ್ವರದ ಬಳಿಯ ಸೇತುವೆಗೆ ದಧೀಚಿಯ ಹೆಸರಿದೆ. ಅದೇ ಹೊಳೆಯ ದಡದಲ್ಲಿ 1917ರಲ್ಲಿ ಗಾಂಧೀಜಿಯವರು ತಮ್ಮ ಆಶ್ರಮವನ್ನು ಕಟ್ಟಿದರು. ವಜ್ರಕ್ಕೆ ಎಲುಬು ಕೊಟ್ಟವನೂ ಆಯುಧವನ್ನೇ ಒಲ್ಲೆನೆಂದವರೂ ಒಂದೇ ನೀರಿನ ನೆರೆಯವರೆಂಬುದು ಯೋಚನೆಗೆ ಎಡೆಗೊಡುವ ಸಂಗತಿ.

ನಮ್ಮ ಸೈನ್ಯವು ಈ ಕಥೆಯನ್ನು ಮರೆತಿಲ್ಲವೆಂಬುದಕ್ಕೆ ಪರಮವೀರ ಚಕ್ರವೇ ಸಾಕ್ಷಿ. ಸ್ವಿಟ್ಜರ್‌ಲೆಂಡಿನ ಮೂಲದವರಾಗಿ, ಭಾರತೀಯ ಸೈನ್ಯಾಧಿಕಾರಿಯೊಬ್ಬರ ಕೈಹಿಡಿದು ಈ ನಾಡಿನವರೇ ಆದ ಸಾವಿತ್ರಿ ಖಾನೋಲ್ಕರ್ ಅವರು ಆ ಪದಕವನ್ನು ರೂಪಿಸಿದರು. ನಡುವಣ ರಾಜಮುದ್ರೆಯ ಸುತ್ತ ನಾಲ್ಕು ವಜ್ರಾಯುಧಗಳು. ಪದಕ ಚಿನ್ನದ್ದಲ್ಲ, ಕಂಚಿನದು. ವಜ್ರದ ಬೆಲೆ ಲೋಹದಲ್ಲಿಲ್ಲ, ಕೊಟ್ಟವನ ಎಲುಬಿನಲ್ಲಿದೆ ಎಂಬ ಅರ್ಥವನ್ನು ಆ ತಾಯಿ ಚೆನ್ನಾಗಿ ಗ್ರಹಿಸಿದ್ದರು.

ಮೂರನೆಯ ನೆಲೆಯಾದ ಸೂರ್ಯತೇಜಸ್ಸಿನ ಹೆಸರುಗಳು ನಮ್ಮ ಕರ್ನಾಟಕದ ಪಾಲಿಗೆ ಬಂದಿವೆ. ಬೆಂಗಳೂರಿನಲ್ಲಿ ರೂಪುಗೊಂಡ ಹಗುರ ಯುದ್ಧವಿಮಾನಕ್ಕೆ 2003ರಲ್ಲಿ ಪ್ರಧಾನಿ ವಾಜಪೇಯಿಯವರು ‘ತೇಜಸ್’ ಎಂದು ಹೆಸರಿಟ್ಟರು. ಅದಕ್ಕೆ ಮೊದಲೇ ಅಲ್ಲಿ ತಯಾರಾದ ತರಬೇತಿ ವಿಮಾನಕ್ಕೆ ‘ಕಿರಣ’ವೆಂದು ಹೆಸರಿತ್ತು, ಆಕಾಶದಲ್ಲಿ ಚಿತ್ತಾರ ಬರೆಯುವ ‘ಸೂರ್ಯಕಿರಣ’ ತಂಡವು 1996ರಲ್ಲಿ ಬೀದರಿನಲ್ಲಿ ಹುಟ್ಟಿತು. ಹೀಗೆ ನೆಲದ ಅಗ್ನಿ, ನಡುವಣ ಸಿಡಿಲು, ಮೇಲಣ ಸೂರ್ಯ ಮೂರೂ ನಮ್ಮ ರಕ್ಷಣಾ ಇಲಾಖೆಯ ದಫ್ತರದಲ್ಲಿ ನಮೂದಾಗಿವೆ. ಇತ್ತ ವಡೋದರೆಯಲ್ಲಿ 2024ರ ಅಕ್ಟೋಬರ್ 28ರಂದು ಉದ್ಘಾಟನೆಯಾದ ಕಾರ್ಖಾನೆಯ ಸಾಗಣೆ ವಿಮಾನಕ್ಕೆ ಮಾತ್ರ ದೇವರ ಹೆಸರಿಲ್ಲ; ಸಿ–295 ಎಂಬ ಬರಿಯ ಸಂಖ್ಯೆ. ಸಂಖ್ಯೆಯಾದರೆ ಯಾರಿಗೂ ಯಾವ ಋಣವೂ ಇಲ್ಲ!

ವಡೋದರೆಯ ಗುಡಿಯಲ್ಲಿ

ವಡೋದರೆಯಲ್ಲಿ ಸೈನ್ಯದ ಯಂತ್ರವಿದ್ಯೆಯ ಶಾಲೆಯಾದ ಇ. ಎಂ. ಇ. ಸ್ಕೂಲಿನ ಆವರಣದಲ್ಲಿ ದಕ್ಷಿಣಾಮೂರ್ತಿಯ ದೇವಾಲಯವೊಂದಿದೆ. 1966ರಲ್ಲಿ ಅದನ್ನು ಕಟ್ಟಿಸಿದವರು ಆ ಶಾಲೆಯ ಮುಖ್ಯಾಧಿಕಾರಿಯಾಗಿದ್ದ ಬ್ರಿಗೇಡಿಯರ್ ಯೂಜೀನ್ ಎಂಬ ಕ್ರೈಸ್ತ ಸೇನಾನಿ. ಅಲ್ಯೂಮಿನಿಯಂ ತಗಡಿನ ಗುಮ್ಮಟ. ಕಲಶವು ಹಿಂದೂಗಳದು, ಗುಮ್ಮಟವು ಮುಸಲ್ಮಾನರದು, ಗೋಪುರವು ಕ್ರೈಸ್ತರದು, ಹೀಗೆ ಒಂದೊಂದು ಭಾಗವೂ ಒಂದೊಂದು ಮತದ ಗುರುತು. ಅಗ್ನಿಯ ಸ್ಥಾನವನ್ನು ಅಲ್ಲಿ ಪಾರಸಿಗಳ ಗುರುತಾಗಿ ಇಟ್ಟಿದ್ದಾರೆ. ಸೂರತ್ತಿನಲ್ಲಿಯೇ 1823ರಿಂದ ಆರದೆ ಉರಿಯುವ ಎರಡು ಆತಶ್ ಬೆಹರಾಮ್ ಅಗ್ನಿಮಂದಿರಗಳಿವೆ. ದಕ್ಷಿಣಕ್ಕೆ ಉದ್ವಾಡಾದಲ್ಲಿ ಅದಕ್ಕೂ ಹಳೆಯದಾದ ಇರಾನ್‌ಶಾಹ. ಸಿಡಿಲಿನ ಬೆಂಕಿ, ಚಿತೆಯ ಬೆಂಕಿ ಮುಂತಾದ ಹದಿನಾರು ಬಗೆಯ ಬೆಂಕಿಗಳನ್ನು ತಂದು, ಶುದ್ಧಿಮಾಡಿ, ಒಂದುಗೂಡಿಸಿದ ಮೇಲಷ್ಟೇ ಅವರಿಗೆ ಅದು ಪವಿತ್ರಾಗ್ನಿ. ಕೆಡಿಸುವ ಬೆಂಕಿಯನ್ನೂ ಪೂಜೆಗೆ ತಕ್ಕುದಾಗಿ ಮಾಡಬಹುದು, ಆದರೆ ಅದಕ್ಕೆ ದೀರ್ಘವಾದ ಶುದ್ಧಿಯ ಕ್ರಮ ಬೇಕು ಎಂಬುದು ನಮ್ಮ ನೆರೆಯವರಿಂದ ಕಲಿಯಬೇಕಾದ ಪಾಠ.

ಹಿಂದಕ್ಕೆ ಕರೆಯುವ ವಿದ್ಯೆ

ನಮ್ಮ ಪುರಾಣಗಳಲ್ಲಿ ಅಸ್ತ್ರವನ್ನು ಬಿಡುವ ಮಂತ್ರಕ್ಕಿಂತ ಹಿಂದಕ್ಕೆ ಕರೆಯುವ ಮಂತ್ರವೇ ಹೆಚ್ಚಿನದು. ಭಾರತಯುದ್ಧ ಮುಗಿದ ಬಳಿಕ ಅಶ್ವತ್ಥಾಮನೂ ಅರ್ಜುನನೂ ಎದುರೆದುರು ಅಸ್ತ್ರಗಳನ್ನು ಬಿಟ್ಟರು. ಲೋಕ ಉರಿಯುವುದನ್ನು ಕಂಡು ಋಷಿಗಳು ನಡುವೆ ಬಂದು ನಿಂತರು. ವ್ರತಸ್ಥನಾಗಿದ್ದ ಅರ್ಜುನನು ತನ್ನದನ್ನು ಹಿಂದಕ್ಕೆ ಕರೆದುಕೊಂಡನು. ಅಶ್ವತ್ಥಾಮನಿಗೆ ಆ ಶಕ್ತಿ ಇರಲಿಲ್ಲ. ಅವನ ಅಸ್ತ್ರ ಹೋಗಿ ಬಿದ್ದದ್ದು ಗರ್ಭದಲ್ಲಿದ್ದ ಕೂಸಿನ ಮೇಲೆ. ಬಿಡಲು ಮಾತ್ರ ಬಲ್ಲವನು ವೀರನೆನಿಸಲಿಲ್ಲ, ಶಾಪಗ್ರಸ್ತನಾದನು.

ಯಕ್ಷಗಾನದಲ್ಲಿ ಖಾಂಡವ ದಹನವನ್ನು ಕಂಡು ಬೆಳೆದವರು ನಾವು. ಹಸಿದು ಬಂದ ಅಗ್ನಿಯು ಅರ್ಜುನನಿಗೆ ವರುಣನಿಂದ ಗಾಂಡೀವವನ್ನು ಕೊಡಿಸಿದ ಕಥೆ ಎಲ್ಲರಿಗೂ ಗೊತ್ತು. ಆದರೆ ಕೊನೆಗೆ ಪಾಂಡವರು ಮಹಾಪ್ರಸ್ಥಾನಕ್ಕೆ ಹೊರಟಾಗ ಅದೇ ಅಗ್ನಿಯು ದಾರಿಗೆ ಅಡ್ಡನಿಂತು, ಕೆಲಸವಾಯಿತು, ಬಿಲ್ಲನ್ನು ಹಿಂದಿರುಗಿಸೆಂದು ಕೇಳಿದನು. ಅರ್ಜುನನು ಅದನ್ನು ನೀರಿಗೆ ಬಿಟ್ಟನು. ಅಗ್ನಿಯಿಂದ ಪಡೆದ ಆಯುಧ ದಾನವಲ್ಲ, ಕಡ. ಲೆಕ್ಕ ಒಪ್ಪಿಸುವ ದಿನ ಬಂದೇ ಬರುತ್ತದೆ. ಭಾರತವು ತಾನಾಗಿ ಮೊದಲು ಅಣ್ವಸ್ತ್ರವನ್ನು ಬಳಸುವುದಿಲ್ಲವೆಂದು 2003ರ ಜನವರಿಯಲ್ಲಿ ಲಿಖಿತವಾಗಿ ಸಾರಿದೆ. ಅಗ್ನಿಯ ಹೆಸರಿಗೆ ಒಪ್ಪುವ ಮಾತು ಕ್ಷಿಪಣಿಯ ವೇಗದಲ್ಲಿಲ್ಲ, ಈ ವ್ರತದಲ್ಲಿದೆ ಎಂದು ನಮ್ಮ ಅಭಿಪ್ರಾಯ.

ಕಟೀಲಿನ ಜಾತ್ರೆಯಲ್ಲಿ ಅತ್ತೂರು, ಕೊಡೆತ್ತೂರುಗಳ ಜನ ಉರಿಯುವ ತೆಂಗಿನ ಗರಿಯ ಸೂಟೆಗಳನ್ನು ಪರಸ್ಪರ ಎಸೆಯುವ ‘ತೂಟೆದಾರ’ವನ್ನು ನೋಡಿದ ವಾಚಕರು ನಮ್ಮಲ್ಲಿ ಬಹಳ. ಎಸೆಯುವವರು ವ್ರತಸ್ಥರು, ವೇಳೆಗೆ ಆಟ ನಿಲ್ಲಲೇಬೇಕು, ನಿಂತ ಮೇಲೆ ಎರಡು ಊರಿನವರೂ ಕೂಡಿ ಅಮ್ಮನ ಸನ್ನಿಧಿಗೆ ಹೋಗುತ್ತಾರೆ. ಬೆಂಕಿಯೊಡನೆ ಆಡುವ ನಿಯಮವನ್ನು ನಮ್ಮ ಹಳ್ಳಿಯವರು ಯಾವ ಶಾಲೆಗೂ ಹೋಗದೆ ಕಲಿತಿದ್ದಾರೆ.

ಅಗ್ನಿವೀರನ ಲೆಕ್ಕ

ಈವರೆಗೆ ಆಡಿದ್ದು ಯಂತ್ರದ ಹೆಸರು. 2022ರ ಜೂನ್ 14ರಂದು ಈ ಹೆಸರು ಮನುಷ್ಯರಿಗೆ ಬಂತು. ಅಂದು ಸಾರಿದ ಅಗ್ನಿಪಥದ ಕ್ರಮದಂತೆ ಹದಿನೇಳೂವರೆಯಿಂದ 21 ವರ್ಷದೊಳಗಿನವರನ್ನು ನಾಲ್ಕು ವರ್ಷಕ್ಕೆ ಸೈನ್ಯಕ್ಕೆ ತೆಗೆದುಕೊಳ್ಳುತ್ತಾರೆ. ಮೊದಲ ವರ್ಷ ಮಾತ್ರ ವಯೋಮಿತಿಯನ್ನು 23ಕ್ಕೆ ಏರಿಸಿದ್ದರು. ಮೊದಲ ವರ್ಷದ ತಿಂಗಳ ಸಂಬಳ 30,000 ರೂಪಾಯಿ, ನಾಲ್ಕನೆಯ ವರ್ಷ 40,000. ಸಂಬಳದಲ್ಲಿ ನೂರಕ್ಕೆ ಮೂವತ್ತನ್ನು ಹಿಡಿದಿಟ್ಟು, ಅಷ್ಟೇ ಮೊತ್ತವನ್ನು ಸರಕಾರವೂ ಸೇರಿಸಿ, ಕೊನೆಗೆ ಬಡ್ಡಿಸಹಿತ ಸುಮಾರು 11.71 ಲಕ್ಷ ರೂಪಾಯಿಯನ್ನು ‘ಸೇವಾನಿಧಿ’ಯೆಂದು ಕೊಡುವುದಾಗಿ ಹೇಳಿದರು. 48 ಲಕ್ಷದ ಜೀವವಿಮೆಯುಂಟು, ಪಿಂಚಣಿಯಿಲ್ಲ. ನಾಲ್ಕು ವರ್ಷವಾದ ಮೇಲೆ ನೂರರಲ್ಲಿ 25 ಮಂದಿಯವರೆಗೆ ಸೈನ್ಯದಲ್ಲಿ ಉಳಿಯುತ್ತಾರೆ. ಮಿಕ್ಕವರು ಮನೆಗೆ.

ನಮ್ಮ ಹೊಟೇಲಿನಲ್ಲಿ ಕಾವಲಿಯ ಮುಂದೆ ನಿಂತೇ ತಲೆ ನರೆತ ಕುಂದಾಪುರದ ಕಡೆಯ ಗೃಹಸ್ಥರೊಬ್ಬರು ಒಂದು ದಿನ ಮಧ್ಯಾಹ್ನದ ಬಿಡುವಿನಲ್ಲಿ ನಮ್ಮ ಬಳಿ ಬಂದು ಕೇಳಿದರು: “ಧಣಿಗಳೇ, ನಮ್ಮ ಮಾಣಿ ಅಗ್ನಿವೀರಕ್ಕೆ ಅರ್ಜಿ ಹಾಕ್ತೆ ಅಂತ ಕೂತಿದ. ಹೆಸ್ರ್ ಕೇಂಡ್ರೆ ಖುಷಿ ಆತ್ತ್. ನಾಲ್ಕ್ ವರ್ಷ ಕಳ್ದ್ ಮೇಲೆ ಆ ಬೆಂಕಿ ಎಲ್ಲಿಗ್ ಹೋತ್ತ್?”

ನಾವು ಮೇಲಿನ ಲೆಕ್ಕವನ್ನೆಲ್ಲ ಕಾಗದದ ಮೇಲೆ ಬರೆದು ತೋರಿಸಿದೆವು. ಕೇಂದ್ರದ ಸಶಸ್ತ್ರ ಪೋಲೀಸು ಪಡೆಗಳಲ್ಲಿ ಮರಳಿದವರಿಗೆ ನೂರಕ್ಕೆ ಹತ್ತು ಸ್ಥಾನ ಮೀಸಲಿಡುವುದಾಗಿ 2022ರಲ್ಲಿಯೇ ಸಾರಿದ್ದನ್ನೂ ಹೇಳಿದೆವು. ಅವರು ಕಾಗದವನ್ನು ಬಹಳ ಹೊತ್ತು ನೋಡಿ, “ಊರಿಗ್ ಬಂದ್ರೆ ಅವಂಗೆ ಇಪ್ಪತ್ತೆರಡೇ ವರ್ಷ ಅಲ್ದೆ?” ಎಂದು ಮಾತ್ರ ಅಂದರು. ಆ ಮಾತಿನಲ್ಲಿ ದೂರಿರಲಿಲ್ಲ, ಲೆಕ್ಕವಿತ್ತು. ಸೈನ್ಯಕ್ಕೆ ಯೌವನ ಬೇಕು, ಸರಾಸರಿ ವಯಸ್ಸು ಇಳಿಯಬೇಕು, ಪಿಂಚಣಿಯ ಹೊರೆ ಹಗುರಾದರೆ ಆಯುಧಕ್ಕೆ ಹಣ ಒದಗುತ್ತದೆ ಎಂಬ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಬಾಡಿಗೆ, ಸಂಬಳ, ಗ್ಯಾಸಿನ ಬಿಲ್ಲು ಕಟ್ಟಿದವರಿಗೆ ಜಮಾಖರ್ಚಿನ ಕಷ್ಟ ತಿಳಿಯುತ್ತದೆ. ಆದರೂ ಈ ಹುಡುಗರನ್ನು ‘ನಾಲ್ಕು ವರ್ಷದ ಸಿಪಾಯಿ’ಗಳೆಂದು ಕರೆದಿದ್ದರೆ ಒಂದು ಮಾತು, ಅಗ್ನಿವೀರರೆಂದು ಕರೆದ ಮೇಲೆ ಮಾತೇ ಬೇರೆ.

ಕಠೋಪನಿಷತ್ತಿನಲ್ಲಿ ಇದಕ್ಕೆ ಸಂಬಂಧಪಟ್ಟ ಒಂದು ಕಥೆಯಿದೆ. ವಾಜಶ್ರವಸನು ದೊಡ್ಡ ಯಜ್ಞ ಮಾಡಿದನು. ದಕ್ಷಿಣೆಯಾಗಿ ಕೊಟ್ಟದ್ದು ಮಾತ್ರ ಹಾಲು ಬತ್ತಿದ ಮುದಿ ಹಸುಗಳನ್ನು. ಅದನ್ನು ಕಂಡು ಸಹಿಸದ ಬಾಲಕ ನಚಿಕೇತನು, ನನ್ನನ್ನು ಯಾರಿಗೆ ಕೊಡುತ್ತೀರಿ ಎಂದು ಮತ್ತೆ ಮತ್ತೆ ಕೇಳಿದನು. ಸಿಟ್ಟಾದ ತಂದೆ ಯಮನಿಗೆ ಕೊಟ್ಟೆನೆಂದನು. ಹುಡುಗ ಹೋದನು, ಯಮನ ಬಾಗಿಲಲ್ಲಿ ಮೂರು ರಾತ್ರಿ ಉಪವಾಸವಿದ್ದನು. ಯಮನು ಅವನಿಗೆ ಅಗ್ನಿವಿದ್ಯೆಯನ್ನು ಕಲಿಸಿ, ಇನ್ನು ಈ ಅಗ್ನಿಯು ನಿನ್ನ ಹೆಸರಿನಿಂದಲೇ ಪ್ರಸಿದ್ಧವಾಗಲಿ ಎಂದು ವರವಿತ್ತನು. ಹುಡುಗನಿಗೆ ಬೆಂಕಿಯ ಹೆಸರನ್ನಿಡಲಿಲ್ಲ. ಬೆಂಕಿಗೆ ಹುಡುಗನ ಹೆಸರನ್ನಿಟ್ಟನು! ಅವನು ಬೇಡಿದ ಮೊದಲ ವರವೂ ಸ್ಮರಣೀಯ: ನಾನು ಮರಳಿ ಮನೆಗೆ ಹೋದಾಗ ತಂದೆಯು ಪ್ರಸನ್ನನಾಗಿ ನನ್ನನ್ನು ಗುರುತಿಸಲಿ ಎಂಬುದೇ ಅದು.

ಯಜ್ಞದಲ್ಲಿ ಅಗ್ನಿಯಷ್ಟೇ ಮುಖ್ಯನಾದವನು ಯಜಮಾನ. ಹೋಮದ ಫಲ ಅವನಿಗೆ, ಹೊಣೆಯೂ ಅವನಿಗೆ. ಅಗ್ನಿಪಥದಲ್ಲಿ ನಡೆಯುವವರು ತರುಣರಾದರೆ, ಯಜಮಾನನ ಪೀಠದಲ್ಲಿ ಕುಳಿತವರು ಸರಕಾರವೂ ಅದನ್ನು ಆರಿಸಿದ ನಾವೂ. ದಕ್ಷಿಣೆಯಲ್ಲಿ ಜಿಪುಣತನ ಮಾಡಿದ ಯಜ್ಞಕ್ಕೆ ಫಲವಿಲ್ಲವೆಂದು ಶಾಸ್ತ್ರ ಹೇಳುತ್ತದೆ. ಪಹಲ್ಗಾಮಿನಲ್ಲಿ 2025ರ ಏಪ್ರಿಲ್ 22ರಂದು ಹತರಾದವರಲ್ಲಿ ಕರ್ನಾಟಕದವರೂ ಗುಜರಾತಿನವರೂ ಇದ್ದರು. ಅಗ್ನಿಸಾಕ್ಷಿಯಾಗಿ ಕೈಹಿಡಿದವರ ಕುಂಕುಮ ಅಳಿಸಿತು. ತರುವಾಯ ಮೇ 7ರಂದು ಆರಂಭವಾದ ಕಾರ್ಯಾಚರಣೆಗೆ ‘ಸಿಂದೂರ’ವೆಂದೇ ಹೆಸರು ಬಂತು. ಮನೆಯ ಪವಿತ್ರ ವಸ್ತುವಿನ ಹೆಸರಿನಲ್ಲಿ ಹೋರಾಡುವ ಸೈನ್ಯವು ಮನೆಗೆ ಮರಳುವವರ ಗತಿಯನ್ನೂ ಮನೆಯ ಹಿರಿಯನಂತೆ ಚಿಂತಿಸಬೇಕು.

2022ರ ಕೊನೆಯಲ್ಲಿ ಸೇರಿದ ಮೊದಲ ತಂಡದವರ ನಾಲ್ಕು ವರ್ಷ 2026ರ ಕೊನೆಗೆ ತುಂಬುವ ಲೆಕ್ಕ. ಅನಂತರ ವರ್ಷವರ್ಷವೂ ಒಂದೊಂದು ತಂಡ. ಸರಕಾರವು ತಾನು ಸಾರಿದ ಸ್ಥಾನಗಳನ್ನು ನಿಜವಾಗಿ ತುಂಬಬೇಕು, ಎಷ್ಟು ಮಂದಿಗೆ ಎಲ್ಲಿ ಕೆಲಸ ದೊರೆಯಿತೆಂಬ ಲೆಕ್ಕವನ್ನು ಪ್ರತಿವರ್ಷ ಜನರ ಮುಂದಿಡಬೇಕು. ಇದನ್ನು ಕೇಳುವುದು ದೇಶದ್ರೋಹವಲ್ಲ, ಯಜಮಾನನ ಧರ್ಮ.

ನಮ್ಮ ಪಾಲಿನದನ್ನೂ ಹೇಳಿ ಮುಗಿಸುತ್ತೇವೆ. ಈ ಮೂರು ನಗರಗಳಲ್ಲಿ ನಮ್ಮವರ ಹೊಟೇಲುಗಳಿವೆ, ಅಂಗಡಿಗಳಿವೆ, ಕನ್ನಡ ಸಂಘಗಳಿವೆ. ಊರಿನಿಂದಾಗಲಿ ಇಲ್ಲಿಂದಾಗಲಿ ಸೈನ್ಯಕ್ಕೆ ಹೋದ ಹುಡುಗರ ಪಟ್ಟಿಯೊಂದನ್ನು ಸಂಘದವರು ಇಟ್ಟುಕೊಳ್ಳಲಿ. ಅವರು ಮರಳಿದಾಗ, ಹೊತ್ತಿಗೆ ಸರಿಯಾಗಿ ಏಳಬಲ್ಲ, ಹತ್ತು ಜನರನ್ನು ನಡೆಸಬಲ್ಲ, ಕೈಯಲ್ಲಿ ಒಂದಿಷ್ಟು ಬಂಡವಾಳವುಳ್ಳ ತರುಣನು ಬಂದನೆಂದು ತಿಳಿದು ಪಾಲುದಾರಿಕೆಗೆ ಕರೆಯಲಿ. ಬಾಗಿಲಲ್ಲಿ ಕೋಲು ಹಿಡಿಸಿ ಕಾವಲಿಗೆ ನಿಲ್ಲಿಸುವುದಕ್ಕೆ ಮಾತ್ರ ಕರೆಯದಿರಲಿ. ಎಂಜಲು ಲೋಟ ತೊಳೆದು ಮೇಲೆ ಬಂದ ನಮಗೆ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಯಾರೋ ಒಬ್ಬರು ಹಿರಿಯರು ‘ಬಾ, ಒಲೆಯ ಹತ್ತಿರ ನಿಲ್ಲು’ ಎಂದಿದ್ದರು. ಅಂದು ಸಿಕ್ಕಿದ ಕೆಂಡದಿಂದಲೇ ಇಂದಿನ ಒಲೆ ಉರಿಯುತ್ತಿದೆ. ಕಾವಲಿಯ ಮುಂದಿನ ಆ ಗೃಹಸ್ಥರ ಮಗನ ಅರ್ಜಿ ಹೋಗಿದೆ. ಅವನು ಆರಿಸಲ್ಪಡಲಿ, ಕ್ಷೇಮವಾಗಿ ಮರಳಲಿ; ಮರಳಿದ ದಿನ ಅವನಿಗೆ ನಮ್ಮಲ್ಲಿ ಒಂದು ಜಾಗವಿದೆಯೆಂದು ತಂದೆಗೆ ಮಾತು ಕೊಟ್ಟಿದ್ದೇವೆ. ನಮ್ಮ ವಾಚಕರಲ್ಲಿ ಇನ್ನೂ ಹತ್ತು ಮಂದಿ ಅಂತಹ ಮಾತನ್ನು ಕೊಟ್ಟು ಪತ್ರಿಕೆಗೆ ಬರೆದು ತಿಳಿಸುವರೆಂದು ನಿರೀಕ್ಷಿಸುತ್ತೇವೆ.